ಜುಲೈ ತಿಂಗಳ ತಪ್ಪು

ನನ್ನ ಮೂರನೆಯ ಪತ್ತೇದಾರಿ ಕಾದಂಬರಿ ಇ-ಪುಸ್ತಕವಾಗಿ ಹೊರಬಂದು ಹದಿನೈದು ದಿನವಾಗಿತ್ತು. ವಿಮಾ ಕಚೇರಿಯಲ್ಲಿ ಅಪಘಾತದ ಕಡತಗಳನ್ನು ಓದುವುದು ನನ್ನ ಕೆಲಸ. ಹೇಳಿಕೆಯೊಂದು ಎಲ್ಲಿ ಜಾರುತ್ತದೆ ಎಂದು ಹುಡುಕುವ ಚಟ ಅಲ್ಲಿಂದಲೇ ಕಥೆಗಳಿಗೆ ಬಂದದ್ದು. ಮಂಗಳೂರಿನ ಕುದ್ರೋಳಿಯ ಮನೆಯಿಂದ ಕಚೇರಿಗೆ ಹೋಗಿಬರುವ ಬಸ್ಸಿನಲ್ಲಿ, ಮೊಬೈಲಿನಲ್ಲೇ, ಅರ್ಧ ಕಾದಂಬರಿ ಬರೆದಿದ್ದೆ. ಓದಿದವರು ಮೆಚ್ಚಿ ಬರೆಯುತ್ತಿದ್ದರು. ಆ ಮೆಚ್ಚುಗೆಗಳ ನಡುವೆ ಒಂದು ಬೇರೆ ಬಗೆಯ ಸಂದೇಶ ಬಂತು.

"ಮೇಡಂ, ಕಥೆ ಒಳ್ಳೆದುಂಟು. ಆದರೆ ಜುಲೈಯಲ್ಲಿ ಟ್ರಾಲ್ ಬೋಟು ಕಡಲಿಗೆ ಇಳಿಯುವುದಿಲ್ಲ. ನಿಮ್ಮ ಹೆಣ ಯಾರ ಬಲೆಗೆ ಬಿತ್ತು?"

ಮಳೆಗಾಲದಲ್ಲಿ ಟ್ರಾಲ್ ಬಲೆ ಎಳೆಯುವ ದೊಡ್ಡ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರಿನಲ್ಲಿ ಮೀನು ಕೊಳ್ಳುವ ಪ್ರತಿ ಮನೆಗೂ ಇದು ಗೊತ್ತು. ನಮ್ಮದು ದೇವಸ್ಥಾನದ ಪೂಜೆಯ ಮನೆತನ, ಅಡುಗೆಮನೆಗೆ ಮೀನು ಬಂದದ್ದೇ ಇಲ್ಲ. ಮೀನಿನ ಬೋಟುಗಳು ತಂಗುವ ಧಕ್ಕೆಗೆ ಇಷ್ಟು ಹತ್ತಿರ ಹುಟ್ಟಿ ಬೆಳೆದೂ ನಾನು ಜುಲೈ ತಿಂಗಳಲ್ಲಿ ಟ್ರಾಲ್ ಬೋಟಿನ ಬಲೆಯಿಂದ ಹೆಣ ಎತ್ತಿಸಿದ್ದೆ. ಇಡೀ ತನಿಖೆ ನಿಂತದ್ದೇ ಆ ಬಲೆಯ ಮೇಲೆ.

ಇ-ಪುಸ್ತಕದಲ್ಲಿ ತಪ್ಪನ್ನು ಅಳಿಸುವುದು ಸುಲಭ. ಹೊಸ ಫೈಲ್ ಏರಿಸಿದರೆ ಹಳೆಯದು ಇತ್ತೆಂಬ ಗುರುತೂ ಉಳಿಯುವುದಿಲ್ಲ. ಹಾಗೇ ಮಾಡಿಬಿಡೋಣ ಎಂದುಕೊಂಡು, ಸಂದೇಶ ಕಳಿಸಿದವರಿಗೆ ಧನ್ಯವಾದ ಹೇಳಲು ಫೋನ್ ಮಾಡಿದೆ. ಅವರು ಬಂದರಿನ ಕಡೆಯ ಬ್ಯಾರಿ ಮುಸ್ಲಿಂ ಮನೆತನದವರು. ಅಣ್ಣತಮ್ಮಂದಿರೆಲ್ಲ ವ್ಯಾಪಾರಕ್ಕೆ ಹೋದರೆ ಇವರೊಬ್ಬರು ಹಂಪನಕಟ್ಟೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಾ ನಿವೃತ್ತರಾಗಿದ್ದರು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದೆಂದು ಈಗ ಟ್ಯಾಬಿನಲ್ಲೇ ಓದುತ್ತಿದ್ದರು. ನನ್ನ ಯೋಚನೆ ಕೇಳಿ ಒಂದು ಪ್ರಶ್ನೆ ಹಾಕಿದರು.

"ಬದಲಾಯಿಸಿ, ಬೇಡ ಹೇಳುವುದಿಲ್ಲ. ಆದರೆ ಈಗಾಗಲೇ ಓದಿದವರಿಗೆ ಎಂತ ಹೇಳ್ತೀರಿ?"

ಕಚೇರಿಯಲ್ಲಿ ಯಾರಾದರೂ ತಮ್ಮ ಹೇಳಿಕೆಯನ್ನು ಗುಟ್ಟಾಗಿ ತಿದ್ದಿದರೆ ಆ ಕಡತಕ್ಕೆ ಮೊದಲು ಕೆಂಪು ಗುರುತು ಹಾಕುವವಳು ನಾನೇ. ಆ ಸಂಜೆಯೇ ಪುಸ್ತಕವನ್ನು ಹಿಂದಕ್ಕೆ ಪಡೆದೆ, ಕಾರಣವನ್ನೂ ಬರೆದು ಹಾಕಿದೆ.

ಮುಂದಿನ ಎರಡು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಹಂಪನಕಟ್ಟೆಯ ಹೋಟೆಲೊಂದರ ಮಾಳಿಗೆಯಲ್ಲಿ ನಾವಿಬ್ಬರೂ ಕೂತೆವು. ಇಪ್ಪತ್ತನೆಯ ಪುಟದಲ್ಲಿ ಎಡಗೈಯಲ್ಲಿದ್ದ ಗಾಯ ತೊಂಬತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಬಲಗೈಗೆ ದಾಟಿತ್ತು. ಅದನ್ನೂ ಅವರು ಹಿಡಿದರು. ವಾಹನಗಳು ಕದಲದೆ ನಿಲ್ಲುವ ನಂತೂರಿನ ಸರ್ಕಲಿನಲ್ಲಿ, ಕಚೇರಿ ಬಿಡುವ ಹೊತ್ತಿಗೆ, ನನ್ನ ಇನ್‌ಸ್ಪೆಕ್ಟರ್ ಲಾರಿಯೊಂದನ್ನು ಅಡೆತಡೆಯಿಲ್ಲದೆ ಬೆನ್ನಟ್ಟಿದ್ದನ್ನು ಓದಿ ಕನ್ನಡಕ ತೆಗೆದಿಟ್ಟು ನಕ್ಕರು. ಜುಲೈ ತಿಂಗಳನ್ನು ಡಿಸೆಂಬರ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೊರಟಾಗ ಮಾತ್ರ ಕೈ ಅಡ್ಡ ಹಿಡಿದರು.

"ತಪ್ಪನ್ನು ಅಪರಾಧಿಯ ಬಾಯಿಗೆ ಕೊಡಿ."

ತಲೆಯೊಳಗೆ ದೀಪ ಹತ್ತಿತು. ಹೆಣ ಬಲೆಗೆ ಬೀಳದೆ ಅಲೆಗಳ ಜೊತೆ ದಡಕ್ಕೆ ಬರುತ್ತದೆ. ಕೊಲೆಯಾದ ದಿನ ತಾನು ಟ್ರಾಲ್ ಬೋಟಿನಲ್ಲಿ ಕಡಲಲ್ಲಿದ್ದೆ ಎಂದು ಈಗ ಕೊಲೆಗಾರನೇ ಹೇಳುತ್ತಾನೆ. ಘಟ್ಟದ ಮೇಲಿನಿಂದ ಬಂದು ತನಿಖೆ ಮಾಡುವವರೆಲ್ಲ ನಂಬಿದಾಗ ಧಕ್ಕೆಯ ಮೀನು ಮಾರುವ ಹೆಂಗಸು ಆ ಸುಳ್ಳನ್ನು ಹಿಡಿಯುತ್ತಾಳೆ. ಮೂರು ಅಧ್ಯಾಯ ಹೊಸದಾಗಿ ಬರೆದೆ. ಹೊಸ ಆವೃತ್ತಿಯ ಮೊದಲ ಪುಟದಲ್ಲಿ ಹಳೆಯದರಲ್ಲಿದ್ದ ತಪ್ಪು ಏನು, ತೋರಿಸಿಕೊಟ್ಟವರು ಯಾರು ಎಂದು ಬರೆದೆ. ನಾಚಿಕೆಯ ಪುಟ ಎಂದುಕೊಂಡಿದ್ದೆ. ಓದುಗರು ಹೆಚ್ಚು ಬರೆದದ್ದು ಆ ಪುಟದ ಬಗ್ಗೆಯೇ.

ಅದೇ ಧೈರ್ಯದಲ್ಲಿ ನಮ್ಮ ಊರಿನ ಲೇಖಕರ ಸಂಘವೊಂದಕ್ಕೆ ಸದಸ್ಯತ್ವದ ಅರ್ಜಿ ಹಾಕಿದೆ. ಕೃತಿ ಮುದ್ರಿತವಾಗಿರಬೇಕು ಎಂಬ ನಿಯಮ ತೋರಿಸಿ ತಿರಸ್ಕರಿಸಿದರು. ಪತ್ತೇದಾರಿ ಕಥೆಗಳಿಗೆ ಮಾನದಂಡ ಎಂಬುದೇ ಇಲ್ಲ ಎಂಬ ಮಾತೂ ಕಿವಿಗೆ ಬಿತ್ತು. ಮೊದಲನೆಯದಕ್ಕಿಂತ ಎರಡನೆಯದು ನನ್ನನ್ನು ಕೆಣಕಿತು. ವಾರ್ಷಿಕ ಸಭೆಯಲ್ಲಿ ಮಾತನಾಡಲು ಹತ್ತು ನಿಮಿಷ ಕೇಳಿದೆ, ಕೊಟ್ಟರು. ನಾನು ಪ್ರೂಫ್ ಸಾಹೇಬರೆಂದು ಕರೆಯುತ್ತಿದ್ದ ನನ್ನ ಭಾನುವಾರದ ಜೊತೆಗಾರರೂ ಬಂದರು.

ಸಭೆಯಲ್ಲಿ ನಾನು ವಾದ ಮಾಡಲಿಲ್ಲ. ತಿದ್ದಿದ ಹಸ್ತಪ್ರತಿ, ಮುಖಪುಟದ ಚಿತ್ರ ಬರೆದವರ ಒಪ್ಪಿಗೆ ಪತ್ರ, ತಪ್ಪು ಒಪ್ಪಿಕೊಂಡ ಆ ಪುಟ, ಇಷ್ಟನ್ನು ಮೇಜಿನ ಮೇಲಿಟ್ಟೆ. ಮುದ್ರಿತ ಪುಸ್ತಕಕ್ಕೆ ಇವುಗಳಲ್ಲಿ ಯಾವುದನ್ನೆಲ್ಲ ಕೇಳುತ್ತೀರಿ ಎಂದು ವಿಚಾರಿಸಿದೆ. ನಿವೃತ್ತ ಉಪನ್ಯಾಸಕರಾದ ಅಧ್ಯಕ್ಷರು ನಿಯಮದ ಹಾಳೆ ತಿರುವಿ ನೋಡಿ, ಯಾವುದನ್ನೂ ಕೇಳುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆಗ ಸಾಹೇಬರು ಹಿಂದಿನ ಸಾಲಿನಿಂದ ಎದ್ದು ನಿಂತರು.

"ನನ್ನ ಆಯುಷ್ಯ ಎಲ್ಲ ಪ್ರೆಸ್ಸಿನಲ್ಲಿ ಹೋಯಿತು ಸರ್. ಶಾಯಿ ತಾಗಿದ ಕೂಡಲೇ ಅದು ಪುಸ್ತಕ ಆಗುವುದಿಲ್ಲ. ಬರೆದವರಲ್ಲದೆ ಮತ್ತೊಬ್ಬರು ಕೂತು ತಿದ್ದಿದರೆ ಆಗುವುದು. ಇವರದ್ದು ಪುಸ್ತಕ."

ಮುದ್ರಣದ ನಿಯಮ ಬದಲಿಸಲು ಒಪ್ಪುವವರು ಕೈ ಎತ್ತುವಂತೆ ಅಧ್ಯಕ್ಷರು ಕೇಳಿದರು. ಮೊದಲು ಎದ್ದದ್ದು ಅವರದೇ ಕೈ. ಆಮೇಲೆ ಒಂದೊಂದಾಗಿ ಎದ್ದ ಕೈಗಳನ್ನು ಎಣಿಸುವಷ್ಟು ಸಮಾಧಾನ ನನಗಿರಲಿಲ್ಲ. ಕಾರ್ಯದರ್ಶಿ ಎಣಿಸಿ ನಿಯಮ ಬದಲಾಯಿತು ಎಂದು ಓದಿದಾಗ ಸಾಹೇಬರ ಕಡೆಗೆ ತಿರುಗಿದೆ. ಅವರು ಆಗಲೇ ಸಭೆಯ ಆಮಂತ್ರಣ ಪತ್ರದಲ್ಲಿ ಒಂದು ಒತ್ತಕ್ಷರ ತಿದ್ದುತ್ತಿದ್ದರು.

ಹೊಸ ನಿಯಮದ ಕರಡು ಬರೆಯುವ ಕೆಲಸ ನಮಗಿಬ್ಬರಿಗೇ ಬಂತು. ಅದರಲ್ಲಿ ಕಾಗದ, ಪರದೆ ಎಂಬ ಭೇದವಿಲ್ಲ. ಪ್ರೇಮಕಥೆಯಾಗಲಿ, ದೆವ್ವದ ಕಥೆಯಾಗಲಿ, ಬೇರೊಬ್ಬರು ತಿದ್ದಿರಬೇಕು, ಕದ್ದದ್ದಿರಬಾರದು, ತಪ್ಪು ಕಂಡರೆ ಓದುಗರಿಗೆ ತಿಳಿಸಿ ಸರಿಪಡಿಸಬೇಕು.

ನಾನೂ ಸದಸ್ಯೆಯಾದೆ, ಅರ್ಜಿಗಳನ್ನು ನೋಡುವ ಹೊಣೆಯೂ ನನಗೇ ಬಂತು. ಆ ನಿಯಮದಡಿ ನನ್ನ ಕೈಗೆ ಬಂದ ಮೊದಲ ಅರ್ಜಿ ಭಯಾನಕ ಕಥೆಗಳನ್ನು ಬರೆಯುವ ನರ್ಸ್ ಒಬ್ಬಳದು. ತಿದ್ದಿದವರು ಯಾರು ಎಂಬ ಜಾಗ ಖಾಲಿಯಿತ್ತು. ಫೋನ್ ಮಾಡಿ ಕೇಳಿದೆ. ದೆವ್ವದ ಕಥೆಯನ್ನು ಯಾರು ಮೇಡಂ ಕೂತು ತಿದ್ದಿಕೊಡ್ತಾರೆ ಎಂದು ಆಕೆ ಸಂಕೋಚದಿಂದ ನಕ್ಕಳು. ನಾನು ಹಂಪನಕಟ್ಟೆಯ ಆ ಹೋಟೆಲಿನ ದಾರಿ ಹೇಳಿ, ಭಾನುವಾರ ಹಸ್ತಪ್ರತಿ ಹಿಡಿದುಕೊಂಡು ಬರಲು ತಿಳಿಸಿದೆ.