ಅಜ್ಜ ಇಲ್ಲದ ಮದುವೆ ಫೋಟೊ

ಮೊಮ್ಮಗಳ ಮದುವೆ ಗೊತ್ತಾದಂದಿನಿಂದ ನಮ್ಮ ನಡುಮನೆ ಆಲ್ಬಮ್ಮುಗಳ ಅಂಗಡಿಯಾಗಿದೆ. ದಿನಕ್ಕೊಬ್ಬ ಫೋಟೊಗ್ರಾಫರ್ ತನ್ನ ಮಾದರಿ ತಂದಿಟ್ಟು ಹೋಗುತ್ತಾನೆ. ಎಲ್ಲದರಲ್ಲೂ ಅದೇ ಹುಡುಗಿ ಅದೇ ಹುಡುಗನನ್ನು ಅದೇ ಕಂಬದ ಮರೆಯಿಂದ ನೋಡುತ್ತಿರುವಂತೆ ನನಗೆ ಕಾಣುತ್ತದೆ. ಕನ್ನಡಕದ ತಪ್ಪೂ ಇರಬಹುದು. ಯಾರನ್ನು ಕರೆಯೋಣ ಎಂದು ನನ್ನನ್ನೂ ಕೇಳಿದರು. ಮನೆಯ ಹಿರಿಯಳನ್ನು ಕೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕೇಳಿದ್ದು, ಉತ್ತರ ಬೇಕೆಂದಲ್ಲ. ಹಾಳೆ ತಿರುವಿದಾಗ ಹೊಸ ಅಂಟಿನ ಘಾಟು ಮೂಗಿಗೆ ಹೊಡೆಯಿತು. ನಿಜಾಮರ ಕಾಲದಲ್ಲಿ, ತಾಂಡೂರಿನ ನಮ್ಮ ತವರಿನಲ್ಲಿ, ಅಕ್ಕನ ಮದುವೆಗೆ ಫೋಟೊ ತೆಗೆಯಲು ಬಂದವನ ಕೋಟಿನಿಂದಲೂ ಇಂಥದೇ ಘಾಟು ಬರುತ್ತಿತ್ತು.

ಅವನನ್ನು ಆರಿಸಿದ್ದು ನಮ್ಮ ಅಜ್ಜ, ಅಪ್ಪನ ಅಪ್ಪ. ತೊಗರಿ ವ್ಯಾಪಾರಿ. ಕಾಳನ್ನು ಹಲ್ಲಲ್ಲಿ ಕಡಿದು ನೋಡದೆ ಒಂದು ಚೀಲವನ್ನೂ ಕೊಂಡವರಲ್ಲ. ಫೋಟೊ ಬೇಕೆಂದವರು ನಾರಾಯಣಖೇಡದ ಬೀಗರು. ಅಜ್ಜ ಆಗಲಿ ಎಂದಿದ್ದರು. ಅಷ್ಟರಲ್ಲಿ ಜಹೀರಾಬಾದಿನ ಯಾರೋ ವ್ಯಾಪಾರಿ ಅವರ ತಲೆಯಲ್ಲಿ ಹುಳ ಬಿಟ್ಟ: ಆ ಕ್ಯಾಮೆರಾ ಪೆಟ್ಟಿಗೆಯೊಳಗೆ ಮನುಷ್ಯರು ತಲೆಕೆಳಗಾಗಿ ನೇತಾಡುತ್ತಾರಂತೆ. ಅರಿಶಿಣದ ಮೈಯ ಮದುಮಕ್ಕಳು ಬಾವಲಿಗಳ ಹಾಗೆ ನೇತಾಡುವುದೆಂದರೇನು? ಅಜ್ಜನಿಗೆ ಊಟ ರುಚಿಸಲಿಲ್ಲ. ಜನರನ್ನು ನೆಟ್ಟಗೆ ನಿಲ್ಲಿಸಿ ಫೋಟೊ ತೆಗೆಯುವವನೇ ಬೇಕೆಂದು ಹುಡುಕತೊಡಗಿದರು.

ಜಹೀರಾಬಾದಿನಿಂದ ಬಂದ ಫೋಟೊಗ್ರಾಫರ್, ನನ್ನ ಪೆಟ್ಟಿಗೆಯಲ್ಲಿ ಎಲ್ಲರೂ ನೆಟ್ಟಗೇ ಇರುತ್ತಾರೆ ಎಂದು ಆಣೆ ಮಾಡಿದ. ತೋರಿಸು ಎಂದರೆ, ಅದನ್ನು ಬೇರೆಯವರು ಮುಟ್ಟಬಾರದು ಎಂದ. ಕಡಿದು ನೋಡಲು ಕೊಡದ ಕಾಳು ಅಜ್ಜನಿಗೆ ಬೇಡವಾಯಿತು. ಹೈದರಾಬಾದಿನಿಂದ ರೈಲಿನಲ್ಲಿ ಬಂದವನು ಪ್ರಶ್ನೆ ಕೇಳಿ ನಕ್ಕ. ಅವನಿಗೆ ಚಹಾ ಕುಡಿಸಿ ಅದೇ ದಿನದ ರೈಲಿಗೆ ಹತ್ತಿಸಿದರು. ಕೊನೆಗೆ ನಮ್ಮ ಸ್ಟೇಷನ್ ಹತ್ತಿರವೇ ಅಂಗಡಿ ಇಟ್ಟಿದ್ದ ಮಸ್ತಾನ್ ಸಾಬ ಬಂದ. ಊರಿನವನೇ ಆದ್ದರಿಂದ ಅಲ್ಲಿಯವರೆಗೆ ಅವನ ಹೆಸರು ಯಾರಿಗೂ ಹೊಳೆದಿರಲಿಲ್ಲ.

"ಖರೇ ಅದರಿ ಸಾಹುಕಾರ್ರೆ, ತಲಿ ಕೆಳಗಾಗೇ ಕಾಣ್ತಾರ," ಎಂದ ಮಸ್ತಾನ್ ಸಾಬ. "ಕಾಗದದ ಮ್ಯಾಲ ನೆಟ್ಟಗ ಮಾಡಿ ಕೊಡ್ತೀನಿ. ನೀವೇ ತಲಿ ಹಾಕಿ ನೋಡ್ರಿ."

ಅಜ್ಜ ಅವನನ್ನೇ ಗೊತ್ತುಮಾಡಿದರು. ಮದುವೆಯ ದಿನ ತಾವೇ ಒಳಗೆ ನೋಡುವುದು, ಅಪಶಕುನ ಅನಿಸಿದರೆ ಪೆಟ್ಟಿಗೆ ಮುಚ್ಚುವುದು ಎಂದು ಮಾತಾಯಿತು.

ಅಕ್ಕನ ಚಿಂತೆ ಬೇರೆಯೇ ಇತ್ತು. ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ಸೆರಗನ್ನು ಗದ್ದದವರೆಗೆ ಇಳಿಸಿಕೊಳ್ಳಬೇಕು. ಅವ್ವ ಆ ಮನೆಗೆ ಬಂದಾಗಿನಿಂದ ಅಜ್ಜ ಅವಳ ಕೈಯಡುಗೆ ಉಂಡಿದ್ದರು, ಅವಳ ಬಳೆ ಸದ್ದು ಕೇಳಿದ್ದರು, ಮುಖ ಮಾತ್ರ ಕಂಡವರಲ್ಲ. ಮನೆಯವರ ಫೋಟೊದಲ್ಲಿ ನಡುವಿನ ಕುರ್ಚಿ ಅಜ್ಜನದು. ಅಂದಮೇಲೆ ಅವ್ವನ ಜಾಗದಲ್ಲಿ ಬರುವುದು ಒಂದು ಸೆರಗು ಅಷ್ಟೆ. ನಾರಾಯಣಖೇಡಕ್ಕೆ ಹೋದ ಹೆಣ್ಣು ತವರಿಗೆ ಬರುವುದು ಪಂಚಮಿಗೊಮ್ಮೆ, ಅದೂ ಕಳಿಸಿದರೆ.

"ನನಗ ಬ್ಯಾರೆ ಏನೂ ಬ್ಯಾಡ. ಅವ್ವನ ಮಾರಿ ಕಾಣೋ ಒಂದು ಫೋಟೊ ಒಯ್ಯಬೇಕು," ಎಂದು ಅಕ್ಕ ನನ್ನ ಮುಂದೆ ಅತ್ತಳು. ನಾನು ಚಿಕ್ಕವಳು. ಅಜ್ಜನ ಮುಂದೆ ಇಂಥ ಮಾತು ಎತ್ತುವ ಧೈರ್ಯ ದೊಡ್ಡವರಿಗೇ ಇರಲಿಲ್ಲ.

ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ ಪರಸಿ ಕಲ್ಲು ಹಾಸಿದ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಅಕ್ಕ, ಭಾವ, ಅಪ್ಪ, ನಾನು, ಪಕ್ಕದಲ್ಲಿ ಸೆರಗು ಇಳಿಸಿದ ಅವ್ವ. ಅಜ್ಜ ತಮ್ಮ ಕುರ್ಚಿಯಿಂದ ಎದ್ದು ಹೋಗಿ, ತಲೆಯ ರುಮಾಲು ತೆಗೆದು ಅಪ್ಪನ ಕೈಗೆ ಕೊಟ್ಟು, ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದರು. ಬಿಸಿಲು ಚುರುಗುಟ್ಟುತ್ತಿತ್ತು. ತಲೆಗೆ ಅಷ್ಟು ದಪ್ಪ ಬಟ್ಟೆ ಹೊದ್ದವರಿಗೆ ಏನು ಕಂಡೀತು ಎಂದುಕೊಂಡ ಅವ್ವ ಸೆರಗು ಹಿಂದಕ್ಕೆ ಸರಿಸಿ ಬೆವರು ಒರೆಸಿಕೊಂಡಳು. ಅಕ್ಕನ ಹಣೆಯ ಬಾಸಿಂಗ ನೆಟ್ಟಗೆ ಮಾಡಿ ನಕ್ಕಳು. ಒಳಗೆ ಎಲ್ಲವೂ ಕಾಣುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಟ್ಟೆ ಅಲುಗಾಡಲಿಲ್ಲ. ನೋಡಿ ಆಯಿತೇ ಎಂದು ಮಸ್ತಾನ್ ಸಾಬ ಎರಡು ಸಲ ಕೇಳಿದ. ಮೂರನೆಯ ಸಲಕ್ಕೆ ಒಳಗಿನಿಂದ ದನಿ ಬಂತು.

"ಫೋಟೊ ತಗಿ, ಮಸ್ತಾನ."

"ನಿಮ್ಮ ಕುರ್ಚಿ ಖಾಲಿ ಅದರಿ."

"ಇರ್ಲಿ. ನಾ ಇಲ್ಲಿ ಇಲ್ಲ ಅಂತ ತಿಳಿ. ಯಾರೂ ಅಲುಗಾಡಬ್ಯಾಡ್ರಿ, ಹ್ಯಾಂಗ ಇದ್ದೀರಿ ಹಂಗೇ ಇರ್ರಿ."

ಅವ್ವನ ಕೈ ಸೆರಗಿನತ್ತ ಹೋಯಿತು. ಅಕ್ಕ ಆ ಕೈಯನ್ನು ಹಿಡಿದುಕೊಂಡಳು. ಮಸ್ತಾನ್ ಸಾಬ ಗಾಜಿನ ಫಲಕ ತೂರಿಸಿದ ಮೇಲೆ ಒಳಗೆ ಬರೀ ಕತ್ತಲೆಯಂತೆ. ಆ ಕತ್ತಲೆಯಲ್ಲಿ ಅಜ್ಜ ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದರು. ಎಲ್ಲ ಮುಗಿದು, ಅವ್ವ ಒಳಗೆ ಹೋದದ್ದನ್ನು ಬಳೆ ಸದ್ದಿನಿಂದಲೇ ತಿಳಿದುಕೊಂಡು ಹೊರಗೆ ಬಂದರು. ತಲೆಕೆಳಗಾಗಿ ಕಂಡರೆ ಅಪಶಕುನವೇನಿಲ್ಲ ಎಂದಷ್ಟೇ ಹೇಳಿ ರುಮಾಲು ಸುತ್ತಿಕೊಂಡರು.

ಫೋಟೊದಲ್ಲಿ ಅವ್ವ ಅಕ್ಕನ ಕೈಯಲ್ಲಿ ಕೈಯಿಟ್ಟು ಅರ್ಧ ನಗುತ್ತಾ ನಿಂತಿದ್ದಾಳೆ. ಅಲುಗಾಡಬೇಡಿ ಎಂದದ್ದು ನನಗೂ ಸೇರಿ ಎಂದು ತಿಳಿಯದ ನನಗೆ ಎರಡು ತಲೆಗಳು ಬಂದಿವೆ. ನಡುವೆ ಖಾಲಿ ಕುರ್ಚಿ. ಅಜ್ಜ ಆಮೇಲೆ ಯಾವ ಫೋಟೊಕ್ಕೂ ಕೂರದೆ ತೀರಿಕೊಂಡರು. ಅವರ ಮುಖ ನಮ್ಮ ಯಾರ ಮನೆಯ ಗೋಡೆಯ ಮೇಲೂ ಇಲ್ಲ.

ನಾರಾಯಣಖೇಡದಲ್ಲಿ ಅಕ್ಕನ ಅತ್ತೆ ಒಮ್ಮೆ ನನ್ನೆದುರೇ ಕೇಳಿದರು, ಮದುವೆ ಫೋಟೊದಲ್ಲಿ ನಿಮ್ಮ ಅಜ್ಜ ಯಾಕಿಲ್ಲ ಎಂದು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಜ್ಜಾರು ಇದ್ದಿದ್ರ ಅವ್ವ ಇರ್ತಿದ್ದಿಲ್ರಿ," ಎಂದಳು.

ಯಾರನ್ನು ಕರೆಯಬೇಕೆಂದು ನಾನಿನ್ನೂ ಹೇಳಿಲ್ಲ. ಅದಕ್ಕೂ ಮೊದಲು ನನ್ನ ಸೊಸೆಯನ್ನು ಕೂರಿಸಿಕೊಂಡು ಒಂದು ಮಾತು ಕೇಳುವುದಿದೆ. ಈ ಮನೆಯಲ್ಲಿ ಯಾರು ಎದುರಿಗಿದ್ದರೆ ಅವಳಿಗೆ ನಗಲು ಆಗುವುದಿಲ್ಲ? ಈಗ ಸೆರಗು ಇಳಿಸುವವರಿಲ್ಲ, ಆದರೂ ನಾನು ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿನ ಮಾತು ನಿಲ್ಲುವುದನ್ನು ಬಹಳ ದಿನಗಳಿಂದ ಕೇಳುತ್ತಿದ್ದೇನೆ. ಉತ್ತರ ನಾನೇ ಆಗಿದ್ದರೆ, ಫೋಟೊ ತೆಗೆಯುವ ಹೊತ್ತಿಗೆ ನನಗೆ ಚಪ್ಪರದ ಹೊರಗೆ ಏನಾದರೂ ಕೆಲಸ ಇರುತ್ತದೆ.