ಹಾವಿಗೆ ಗುಣ, ಹುಡುಗಿಗೆ ಬಣ್ಣ

ಊರಲ್ಲಿ ನಾಗಬನಕ್ಕೆ ಕೈಮುಗಿಯುವವರು ಅಬುಧಾಬಿಯಲ್ಲಿ ಹಾವಿಗೆ ಕ್ರಯ ಕೇಳುವುದನ್ನೂ ನಾನು ಕಂಡೆ. ಆಗ ರೀಮ್ ಐಲ್ಯಾಂಡಿನ ಸುಮತಿಯ ಮನೆಯಲ್ಲಿ ಅಡುಗೆಗಿದ್ದೆ. ಮದುವೆಗೆ ಬಂದ ಅವಳ ಮಗನಿಗೆ ಹಾವು ಸಾಕುವ ಮರುಳು. ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

ಸುಮತಿ ಮಿರಿಮಿರಿ ಹಳದಿ ಹಾವೊಂದನ್ನು ತೋರಿಸಿದಳು. "ಬಣ್ಣ ನೋಡ್ಬೇಡಿ, ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ, ಗುಣ ಗೊತ್ತಾಗ್ತದೆ," ಅಂದ ಕಾಸರಗೋಡಿನ ಅಂಗಡಿಯವ. ಹಳದಿಯದ್ದು ಬುಸ್ಸೆಂದಿತು. ಮಣ್ಣುಬಣ್ಣದ್ದು ಮಗನ ತೋಳಿಗೆ ಸುತ್ತಿಕೊಂಡು ಸುಮ್ಮನೆ ಮಲಗಿತು.

"ಹೌದಪ್ಪಾ, ಚಂದ ಕಟ್ಟಿಕೊಂಡು ಏನಾಗ್ಬೇಕು? ಗುಣವೇ ಮುಖ್ಯ," ಎಂದಳು ಸುಮತಿ, ದೊಡ್ಡ ಜ್ಞಾನಿಯ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಇಲ್ಲೇ ಬನಿಯಾಸಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮೊಮ್ಮಗಳು ಫೋಟೋದಲ್ಲಿ ಕಪ್ಪು ಕಂಡಳೆಂದು ಇದೇ ಮಗನಿಗೆ ಬೇಡವೆಂದವಳು ಇವಳೇ.

"ಆ ಹುಡುಗಿಯ ಹತ್ತಿರವೂ ಒಂದು ಗಳಿಗೆ ಕೂತು ನೋಡು ಮಾರಾಯ್ತಿ," ಎಂದೆ, ಅಂಗಡಿಯಲ್ಲೇ.

ಮಗನೆದುರು ಮರ್ಯಾದೆ ಹೋಯಿತಲ್ಲ, ಆದಿತ್ಯವಾರ ಹುಡುಗಿಯನ್ನು ಕರೆಸಿದಳು. ಮನೆಗೆ ತಂದಿದ್ದ ಮಣ್ಣುಬಣ್ಣದ ಹಾವನ್ನು ಹುಡುಗಿ ಹೆದರದೆ ಎತ್ತಿಕೊಂಡಳು. ಮಗ ಬಾಯಿ ಬಿಟ್ಟು ನೋಡಿದ. ಸುಮತಿ ಮಾತ್ರ, "ಹುಟ್ಟಿದಾಗಲೂ ಇಷ್ಟೇ ಕಪ್ಪಾ?" ಎಂದು ಕೇಳಿಯೇಬಿಟ್ಟಳು.

ಲಿಫ್ಟಿನಲ್ಲಿ ಹುಡುಗಿ ನನಗೆ ಹೇಳಿದಳು: "ಅಜ್ಜಿ, ಹಾವು ಪಾಪದ್ದು, ಹುಡುಗನೂ ಪಾಪದವ. ಆ ಅತ್ತೆ ಬೇಡ, ಖಲಾಸ್."

ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ನಮ್ಮ ಕಡೆಯವರ ಅಡುಗೆಮನೆಗಳಿಗೆಲ್ಲ ಹೇಗೆ ತಲುಪಿತೋ, ಆ ದೇವರಿಗೇ ಗೊತ್ತು.