ಹುಸೇನಮ್ಮ ಉಪ್ಪಿಟ್ಟಿನ ತಟ್ಟೆ ದೂಡಿದ್ದು

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಹುಸೇನಮ್ಮನ ಬಾಯಿಗೆ ಹೆದರದವರು ಆ ಓಣಿಯಲ್ಲಿ ಯಾರೂ ಇಲ್ಲ. ಗಿರಣಿಯ ಮಾಲೀಕನೇ ಕಣಕ್ಕೆ ಬರುವಾಗ ಚಪ್ಪಲಿ ಕಳಚಿ ಬರುತ್ತಾನೆ. ಒಮ್ಮೆ ಬೂಟುಗಾಲಲ್ಲಿ ಬಂದಾಗ ಅವಳು ಎಲ್ಲರ ಎದುರಿಗೆ, ನಾಳೆ ಇದನ್ನೇ ಉಣ್ಣುವವರು ನೀವಲ್ಲವೇ ಎಂದು ಕೇಳಿಬಿಟ್ಟಿದ್ದಳು. ಹೇಳಬೇಕಾದ್ದನ್ನು ಮುಖಕ್ಕೆ ಹೇಳಿ ಕೈತೊಳೆದುಕೊಳ್ಳುವುದು ಅವಳ ಸ್ವಭಾವ. ಐವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು, ಅದೂ ಒಂದು ತಟ್ಟೆ ಉಪ್ಪಿಟ್ಟಿನ ಜೊತೆಗೆ. ಅದನ್ನು ನೆನೆದರೆ ಇವತ್ತಿಗೂ ಅವಳ ಮೈ ಉರಿಯುತ್ತದೆ.

ಗಂಡ ಪಕ್ಕೀರಪ್ಪನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಪಾಳಿ ತಪ್ಪಿದರೆ ಕಾಲು ಬಾಯುತ್ತದೆ, ಎರಡನೆಯ ದಿನಕ್ಕೆ ಉಸಿರು ಹಿಡಿಯುತ್ತದೆ. ಅವನ ಸಾರಿಗೆ ಉಪ್ಪು ಹಾಕುವ ಹಾಗಿಲ್ಲ. ಒಂದೇ ಒಲೆಯ ಮೇಲೆ ಎರಡು ಸಾರು ಯಾಕೆಂದು ಹುಸೇನಮ್ಮನೂ ಸಪ್ಪೆಯನ್ನೇ ಉಣ್ಣುತ್ತಾ ಬಂದಿದ್ದಳು. ಪಾಳಿ ಬರೆಯುವವಳು ಅಕ್ಕನಾಗಮ್ಮ ಸಿಸ್ಟರ್. ಅವಳ ಉದ್ದನೆಯ ರಿಜಿಸ್ಟರಿನಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಬಸ್ಸು ತಡವಾದರೂ ಮಷೀನು ಕಾಯುತ್ತಿತ್ತು.

ಈ ವರ್ಷ ಟ್ರಸ್ಟಿನವರಿಗೆ ರಿಜಿಸ್ಟರ್ ಹಳೆಯದೆನಿಸಿತು. ಇನ್ನು ಮೇಲೆ ಪಾಳಿಯನ್ನು ವೆಬ್‌ಸೈಟಿನಲ್ಲೇ ಹಿಡಿಯಬೇಕು, ಅದಕ್ಕೂ ಮೊದಲು ಬಳಸುವವರಿಂದಲೇ ಪರೀಕ್ಷೆ ಮಾಡಿಸುತ್ತೇವೆ ಎಂದು ಆರು ಜನರನ್ನು ಕರೆದರು. ಹುಸೇನಮ್ಮನೂ ಒಬ್ಬಳು. ಆಸ್ಪತ್ರೆಯ ತಣ್ಣಗಿನ ಎಸಿ ಸಭಾಂಗಣ, ಬಟ್ಟೆ ಹಾಸಿದ ಮೇಜು. ಸೈಟು ಮಾಡಿದ ಕಂಪನಿಯ ಕನಕರಾಜ್ ಎಂಬ ಹುಡುಗ ಎದ್ದುನಿಂತು ಕೈಮುಗಿದು, ಮೊದಲು ನಾಷ್ಟಾ ಮಾಡಿ ಅಮ್ಮಾ ಎಂದು ಉಪ್ಪಿಟ್ಟು ಬಡಿಸಿದ. ಎರಡು ವರ್ಷದಿಂದ ಸಪ್ಪೆ ಉಂಡ ನಾಲಿಗೆ ಅದು. ಆ ಉಪ್ಪು, ಆ ಒಗ್ಗರಣೆ, ಮೇಲೆ ಹಿಂಡಿದ ನಿಂಬೆಹಣ್ಣು. ಅವಳು ನಾಚಿಕೆ ಬಿಟ್ಟು ಇನ್ನೊಂದು ತಟ್ಟೆ ಹಾಕಿಸಿಕೊಂಡಳು.

ಆಮೇಲೆ ಅವನು ತನ್ನದೇ ದೊಡ್ಡ ಫೋನು ಅವಳ ಕೈಗಿಟ್ಟ. ಎಲ್ಲಿ ಒತ್ತಬೇಕೆಂದು ಅವಳು ತಡವರಿಸಿದಾಗೆಲ್ಲ ಪಕ್ಕದಿಂದ ಅವನ ಬೆರಳು ಬಂದು ತೋರಿಸುತ್ತಿತ್ತು. ಓಟಿಪಿ ಎಂಬ ಆರು ಅಂಕಿ ಅದೇ ಪರದೆಯ ನೆತ್ತಿಯ ಮೇಲೆ ಇಳಿಯಿತು, ಅವನು ಒತ್ತಿ ಅಂದ, ಒತ್ತಿದಳು, ಹಸಿರು ಗುರುತು ಬಂತು. ನನ್ನ ಫೋನಿನಲ್ಲಿ ಅದು ಹೀಗೆ ಬರುವುದಿಲ್ಲವಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೊಟ್ಟೆಯಲ್ಲಿ ಅವರ ಉಪ್ಪಿಟ್ಟಿತ್ತು, ಎದುರಿಗೆ ಕೈಕಟ್ಟಿ ನಿಂತ ಹುಡುಗನಿದ್ದ. ತಿನ್ನಿಸಿದವರ ಮುಖ ಸಣ್ಣದು ಮಾಡುವುದು ಹೇಗೆ?

"ಭಾಳ ಛಲೋ ಐತ್ರಿ," ಅಂದಳು.

ಉಳಿದ ಐವರೂ ಅದನ್ನೇ ಅಂದರು. ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಫೋಟೊ ತೆಗೆದುಕೊಂಡು ಕಳಿಸಿದರು. ವಾರದೊಳಗೆ ವಾರ್ಡಿನ ಬಾಗಿಲ ಪಕ್ಕ ಒಂದು ಪೋಸ್ಟರ್ ಬಂತು. ಬಳಸಿದವರೇ ಮೆಚ್ಚಿದ್ದು ಎಂಬ ಸಾಲಿನ ಕೆಳಗೆ ಹುಸೇನಮ್ಮ ಹಲ್ಲು ಬಿಟ್ಟು ನಗುತ್ತಿದ್ದಳು.

ಸೈಟು ಶುರುವಾದದ್ದು ಒಂದು ಭಾನುವಾರ ಬೆಳಗ್ಗೆ ಆರಕ್ಕೆ, ಇಡೀ ವಾರದ ಪಾಳಿ ಆಗಲೇ ಹಿಡಿಯಬೇಕು. ಐದೂವರೆಗೇ ಹುಸೇನಮ್ಮ ತನ್ನ ಗಾಜು ಒಡೆದ ಸಣ್ಣ ಫೋನು ಹಿಡಿದು ಕಟ್ಟೆಯ ಮೇಲೆ ಕೂತಳು. ಹೆಸರು, ಕಾರ್ಡಿನ ನಂಬರು, ಕಾಯಿಲೆ, ದಿನ ಎಲ್ಲ ತುಂಬಿದಳು. ಓಟಿಪಿ ಮೆಸೇಜಿನಲ್ಲಿ ಬಂತು. ಮೆಸೇಜು ತೆರೆದು ಅಂಕಿ ನೋಡಿಕೊಂಡು ವಾಪಸ್ ಬರುವಷ್ಟರಲ್ಲಿ ತುಂಬಿದ್ದೆಲ್ಲ ಅಳಿಸಿಹೋಗಿ ಪುಟ ಮೊದಲಿಂದ ಶುರುವಾಗಿತ್ತು. ಮತ್ತೆ ತುಂಬಿದಳು, ಅಂಗೈ ಮೇಲೆ ಪೆನ್ನಿನಲ್ಲಿ ಅಂಕಿ ಬರೆದುಕೊಂಡಳು. ವಾಪಸ್ ಬಂದರೆ ಅಂಕಿ ಅಂಗೈಯಲ್ಲಿತ್ತು, ಅದನ್ನು ಹಾಕುವ ಜಾಗವೇ ಇರಲಿಲ್ಲ. ಮೂರನೆಯ ಸಲ ಕೆಂಪಕ್ಷರ ಬಂತು: ಇಪ್ಪತ್ನಾಲ್ಕು ಗಂಟೆ ನಿಮ್ಮ ಖಾತೆ ಬಂದ್. ಸೋಮವಾರ ತೆರೆದಾಗ ದೊಡ್ಡ ಫೋನಿನವರು ಎಲ್ಲ ಹಿಡಿದಾಗಿತ್ತು, ಒಂದು ಪಾಳಿಯೂ ಉಳಿದಿರಲಿಲ್ಲ.

ಮಂಗಳವಾರ ಪಕ್ಕೀರಪ್ಪನ ಪಾದ ಬಾತು ಚಪ್ಪಲಿ ಹಿಡಿಸಲಿಲ್ಲ. ಬುಧವಾರ ಬೆಳಗ್ಗೆ ಮಲಗಲಾರದೆ ಗೋಡೆಗೆ ಒರಗಿ ಕೂತು, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದ. ಆಟೊ ಮಾಡಿಕೊಂಡು ಹೊಸಪೇಟೆಗೆ ಓಡಿದಳು. ಯಾರೋ ಒಬ್ಬರು ಬಾರದಿದ್ದ ಕಾರಣ ಸಂಜೆ ನಾಲ್ಕಕ್ಕೆ ಮಷೀನು ಸಿಕ್ಕಿತು. ಅಲ್ಲಿಯವರೆಗೆ ಆರು ತಾಸು ಅವನ ಬೆನ್ನು ನೀವುತ್ತ ಬೆಂಚಿನ ಮೇಲೆ ಕೂತಿದ್ದಳು, ಎದುರಿಗೆ ಅವಳದೇ ನಗುವ ಮುಖ.

ಗಂಡನನ್ನು ಮಷೀನಿಗೆ ಒಪ್ಪಿಸಿ ನೇರ ಮ್ಯಾನೇಜರ್ ವಿರುಪಾಕ್ಷಪ್ಪನ ಕೋಣೆಗೆ ನುಗ್ಗಿದಳು. ನಿಮ್ಮ ಸೈಟು ಮನುಷ್ಯರಿಗೆ ಮಾಡಿದ್ದೋ ದೆವ್ವಗಳಿಗೆ ಮಾಡಿದ್ದೋ ಎಂದು ಕೇಳಿದಳು. ಅವನು ಬೇಸರವಿಲ್ಲದೆ ಒಂದು ಫೈಲು ತೆಗೆದು, ಅವಳ ಕಡೆ ತಿರುಗಿಸಿದ.

"ಯಮ್ಮಾ, ಛಲೋ ಐತಿ ಅಂತ ನೀವ ಹೇಳೀರಿ. ನೋಡ್ರಿ, ಸೈನ್ ನಿಮ್ಮದ ಐತಿ."

ಹುಸೇನಮ್ಮ ಫೈಲನ್ನು ಹತ್ತಿರ ಎಳೆದು ನೋಡಿದಳು, ಸಹಿ ಅವಳದೇ. ಊರೆಲ್ಲ ಹೆದರುವ ಅವಳ ಬಾಯಿ ಅವಳ ಗಂಡನಿಗೇ ಕೈಕೊಟ್ಟಿತ್ತು. ಮ್ಯಾನೇಜರನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು ದೊಡ್ಡದು, ಅದನ್ನು ತೀರಿಸಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.

ಅಕ್ಕನಾಗಮ್ಮ ಸಿಸ್ಟರ್ ಹೇಗೋ ಹೊಂದಿಸಿ ಶನಿವಾರ ಒಂದು ಪಾಳಿ ಕೊಡಿಸಿದಳು. ಅವತ್ತೇ ಕನಕರಾಜ್ ಮತ್ತೆ ಬಂದಿದ್ದ, ಇನ್ನೂ ಎಂಟು ಜನರ ಅಭಿಪ್ರಾಯ ಬೇಕಂತೆ. ಅದೇ ಸಭಾಂಗಣ, ಅದೇ ಉಪ್ಪಿಟ್ಟು. ಹುಸೇನಮ್ಮ ಕರೆಯದೇ ಹೋಗಿ ಕುರ್ಚಿ ಎಳೆದು ಕೂತಳು. ಆ ಎಂಟು ಜನರಲ್ಲಿ ಯಶವಂತನಗರದ ಅಂಜಿನಯ್ಯ ಇದ್ದ, ಗಣಿ ಲಾರಿಯ ಡ್ರೈವರ್. ಅವನ ಹೆಂಡತಿ ಯಲ್ಲಕ್ಕನದೂ ಇದೇ ಕಾಯಿಲೆ, ಅವಳ ಪಾಳಿಯೂ ತಪ್ಪಿತ್ತು. ಅರ್ಧ ಗಂಟೆ ಮುಂಚೆ ಬೆಂಚಿನ ಮೇಲೆ ಕೂತು ಸೈಟಿನವರ ಏಳು ತಲೆಮಾರನ್ನು ತೊಳೆದವನು ಅವನೇ. ಈಗ ಕನಕರಾಜ್ ಫೋನು ಹಿಡಿದು ಕೇಳಿದ ಕೂಡಲೇ ಬಾಯಿ ಒರೆಸಿಕೊಂಡು, ಮಸ್ತ್ ಐತ್ರಿ ಸರ ಅಂದುಬಿಟ್ಟ.

ಹುಸೇನಮ್ಮ ತನ್ನ ಮುಂದಿಟ್ಟಿದ್ದ ತಟ್ಟೆಯನ್ನು ದೂಡಿದಳು. ಅದು ಮೇಜಿನ ಆ ತುದಿಗೆ ಹೋಗಿ ನಿಂತಿತು. ಬೆಂಚಿನ ಮೇಲೆ ಏನಂದೆ, ಇಲ್ಲಿ ಏನನ್ನುತ್ತೀ ಎಂದು ಅಂಜಿನಯ್ಯನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. "ಅವರ ನಾಷ್ಟಾ ಕೈಯಾಗ ಹಿಡ್ಕೊಂಡು ನಿಮ್ಮದು ಛಲೋ ಇಲ್ಲ ಅಂತ ಹೆಂಗ ಅನ್ನಾದು ತಂಗಿ?"

"ನಾನೂ ಹಂಗ ಅಂದಿದ್ದೆ ಅಣ್ಣ. ಬುಧವಾರ ನಮ್ಮನಿಯವ್ರು ಸತ್ತು ಬದುಕಿದ್ರು."

ಅವಳು ಸೆರಗಿನ ಗಂಟಿನಿಂದ ತನ್ನ ಫೋನು ತೆಗೆದು ಕನಕರಾಜನ ಮುಂದಿಟ್ಟಳು.

"ತಮ್ಮಾ, ನಿನ್ನ ಫೋನ್ ಬ್ಯಾಡ. ಇದರಾಗ ಎಲ್ಲಾ ತುಂಬಿ ಓಟಿಪಿ ಹಾಕಾಕ ನೋಡು. ನಾ ಪಕ್ಕದಾಗ ಬೆರಳ ತೋರ್ಸಂಗಿಲ್ಲ."

ಅವನು ನಕ್ಕು ಶುರುಮಾಡಿದ. ಚಕಚಕನೆ ತುಂಬಿದ. ಓಟಿಪಿ ಬಂತು, ಮೆಸೇಜಿಗೆ ಹೋಗಿ ವಾಪಸ್ ಬಂದ, ಪುಟ ಖಾಲಿ. ನಗು ಕಡಿಮೆಯಾಯಿತು. ಎರಡನೆಯ ಸಲ ಇನ್ನೂ ಬೇಗ ಮಾಡಿದ, ಮತ್ತೆ ಖಾಲಿ. ಅವನ ಕುತ್ತಿಗೆಯಲ್ಲಿ ಬೆವರೊಡೆಯಿತು, ಆ ತಣ್ಣಗಿನ ಸಭಾಂಗಣದಲ್ಲಿ. ಗೊತ್ತಿರದೆಯೋ ಹಟಕ್ಕೋ ಮೂರನೆಯ ಸಲವೂ ಮಾಡಿದ. ಕೆಂಪಕ್ಷರ ಬಂತು.

ಗಂಟೆ ಹನ್ನೊಂದು. ಇಪ್ಪತ್ನಾಲ್ಕು ಗಂಟೆ ಅಂದರೆ ಭಾನುವಾರ ಹನ್ನೊಂದು. ಪಾಳಿ ಹಿಡಿಯುವುದು ಭಾನುವಾರ ಆರಕ್ಕೆ. ಬರುವ ವಾರವೂ ಪಕ್ಕೀರಪ್ಪನ ಹೆಸರಿಲ್ಲ. ಲೆಕ್ಕ ಎಲ್ಲರಿಗಿಂತ ಮೊದಲು ಕನಕರಾಜನಿಗೇ ಹೊಳೆಯಿತು. ಅವನು ಫೋನನ್ನು ಬಿಸಿ ಪಾತ್ರೆಯ ಹಾಗೆ ಮೇಜಿನ ಮೇಲಿಟ್ಟ.

"ಈಗ ಹೇಳು ತಮ್ಮಾ," ಅಂದಳು ಹುಸೇನಮ್ಮ. "ಛಲೋ ಐತೇನು?"

ಅವನು ಇಲ್ಲ ಅಂದ.

ಸದ್ದು ಕೇಳಿ ವಿರುಪಾಕ್ಷಪ್ಪ ಬಂದ, ಹಿಂದೆಯೇ ಅಕ್ಕನಾಗಮ್ಮ ಸಿಸ್ಟರ್ ಕೂಡ. ಇದಕ್ಕೊಂದು ಕ್ರಮವಿದೆ, ದೂರು ಕೊಡಿ, ನೋಡೋಣ ಎಂದು ಶುರುಮಾಡಿದ. ಹುಸೇನಮ್ಮ ಅವನ ಕಡೆ ನೋಡಲೂ ಇಲ್ಲ. ಮಂಗಳವಾರದ ಪಾಳಿ ಬರೆಯುವವರೆಗೆ ಈ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದಳು. ಯಾರಪ್ಪಣೆಗೂ ಕಾಯದೆ ಅಕ್ಕನಾಗಮ್ಮ ಸಿಸ್ಟರ್ ಕಪಾಟಿನಿಂದ ಉದ್ದನೆಯ ರಿಜಿಸ್ಟರ್ ತಂದು, ಧೂಳು ಒರೆಸಿ, ಪಕ್ಕೀರಪ್ಪ, ಕಂಪ್ಲಿ, ಮಂಗಳವಾರ ಎಂದು ಬರೆದಳು. ಅಂಜಿನಯ್ಯ ಎದ್ದ. ತನ್ನದೂ ಮೂರು ಸಲ ಖಾಲಿಯಾಗಿ ಬಂದ್ ಆಗಿದೆ, ಯಲ್ಲಕ್ಕನ ಹೆಸರನ್ನೂ ಬರೆಯಿರಿ ಅಂದ. ಒಬ್ಬೊಬ್ಬರಾಗಿ ಎಂಟೂ ಜನ ತಟ್ಟೆ ಕೆಳಗಿಟ್ಟು ಸಾಲು ನಿಂತರು. ಉಪ್ಪಿಟ್ಟು ತಿನ್ನಲು ಕೂತವರಲ್ಲಿ ಒಬ್ಬರಿಗೂ ಪಾಳಿ ಸಿಕ್ಕಿರಲಿಲ್ಲ. ಅಷ್ಟು ಜನರ ಎದುರು ವಿರುಪಾಕ್ಷಪ್ಪನಿಗೆ ಬೇರೆ ದಾರಿಯಿರಲಿಲ್ಲ, ಸೈಟು ಸರಿಹೋಗುವವರೆಗೆ ರಿಜಿಸ್ಟರೇ ನಡೆಯಲಿ ಅಂದ. ಹೋಗುವಾಗ ಹುಸೇನಮ್ಮ ವಾರ್ಡಿನ ಬಾಗಿಲಲ್ಲಿ ನಿಂತು ತನ್ನ ನಗುವ ಮುಖವನ್ನು ಗೋಡೆಯಿಂದ ಕಿತ್ತು, ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮೂರು ವಾರದ ಮೇಲೆ ಕನಕರಾಜ್ ಮತ್ತೆ ಬಂದ. ಈ ಸಲ ಸಭಾಂಗಣಕ್ಕೆ ಹೋಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ, ನೆಲದ ಮೇಲೆ ಕೂತ. ಅವರವರ ಫೋನಿನಲ್ಲೇ ಮಾಡಿ, ನಾನು ಬಾಯಿ ಬಿಡುವುದಿಲ್ಲ ಅಂದ. ಹುಸೇನಮ್ಮ ಮೆಸೇಜಿಗೆ ಹೋಗಿ ಬಂದಳು, ತುಂಬಿದ್ದೆಲ್ಲ ಇದ್ದಲ್ಲೇ ಇತ್ತು. ಹಸಿರು ಗುರುತು ಬಂತು. ಹೇಗಿದೆ ಎಂದು ಅವನು ಕೇಳಿದ.

ಅಕ್ಷರ ಸಣ್ಣವು, ಕನ್ನಡಕವಿಲ್ಲದವರಿಗೆ ಕಾಣುವುದಿಲ್ಲ ಅಂದಳು. ವಾಪಸ್ ಹೋಗುವ ಗುಂಡಿ ಎಲ್ಲಿದೆಯೋ ದೇವರಿಗೇ ಗೊತ್ತು ಅಂದಳು. ಹನ್ನೊಂದು ತಪ್ಪು ಹೇಳಿದಳು, ಅವನು ಹನ್ನೊಂದನ್ನೂ ಬರೆದುಕೊಂಡ. ಅಂಜಿನಯ್ಯ ಅವಳಿಗಿಂತ ಎರಡು ಜಾಸ್ತಿ ಹೇಳಿದ.

ಎಲ್ಲ ಮುಗಿದ ಮೇಲೆ ಕನಕರಾಜ್ ಹೆದರುತ್ತಲೇ ಡಬ್ಬಿ ಬಿಚ್ಚಿ ಒಂದು ತಟ್ಟೆ ಉಪ್ಪಿಟ್ಟು ಅವಳ ಮುಂದಿಟ್ಟ. ಹುಸೇನಮ್ಮ ಒಂದು ತುತ್ತು ಬಾಯಿಗಿಟ್ಟು, ನಿಧಾನ ಅಗಿದು ನುಂಗಿದಳು.

"ಉಪ್ಪು ಜಾಸ್ತಿ ಆಗೈತಿ," ಅಂದಳು.